ಗುಡ್ಡದ ಮೇಲಿನ ಹಳದಿ ಬಟ್ಟೆ

ಶೋಭಾರಾಣಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದ ದಿನ ನಮ್ಮ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು. ಸಂಕ್ರಾಂತಿಯ ಮಾರನೆಯ ದಿನ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುವ ಮರಿಯಯ್ಯ ಬೀಡಿ ತರುತ್ತೇನೆಂದು ಅಂಗಡಿಗೆ ಹೋದವನು ಬೀಡಿ ಮರೆತು ಸುದ್ದಿ ಹೊತ್ತು ಬಂದ.

"ಕೇಳುದ್ಯಾ ಸಣ್ಣತಾಯವ್ವ? ಗುಡ್ಡದ ಮ್ಯಾಲಿನ ಚುಕ್ಕಿಮನೆ ನೋಡ್ಕಳಕ್ಕೆ ಸೋಬಾರಾಣಿ ಅಂತ ಒಬ್ಳು ಬಂದವ್ಳಂತೆ. ನಮ್ಮ ಒಲೆ ಆರುಸ್ಬೇಕಂತೆ!"

"ಯಾಕಂತೆ? ನಮ್ಮ ಒಲೆ ಉರುದ್ರೆ ಅವಳ ಮನೆ ಅನ್ನ ಸೀದೋಯ್ತದಾ?"

"ಹೊಗೆ ಬಂದು ಅವರ ಕನ್ನಡಿ ಮ್ಯಾಲೆ ಕೂತ್ಕತದಂತೆ ಕಣವ್ವ. ಚುಕ್ಕಿ ಮಬ್ಬಾಯ್ತವಂತೆ."

"ಹಂಗಾರೆ ಚುಕ್ಕಿಗೇ ಹೇಳು, ಸುಗ್ಗಿ ಮುಗುದ್ಮೇಲೆ ಬರ್ಲಿ," ಎಂದೆ ನಾನು.

ಎಲ್ಲರೂ ನಕ್ಕರು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕುಸುಮ, ಮರಿಯಯ್ಯನ ಸೊಸೆ, ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಳವಳ್ಳಿಯಿಂದ ಭಾರತೀನಗರಕ್ಕೆ ಹೋಗುವ ಬಸ್ಸು ನಮ್ಮೂರಿನ ಮೇಲೆಯೇ ಹಾದು ಹೋಗುತ್ತದೆ. ಊರ ಹಿಂದೆ ಕರಿಗುಡ್ಡ. ಅದರ ನೆತ್ತಿಯಲ್ಲಿ, ಬೋರಲು ಹಾಕಿದ ಕೊಪ್ಪರಿಗೆಯಂಥ ಬಿಳಿ ಗುಮ್ಮಟ. ಸುತ್ತಲಿನ ನಾಲ್ಕು ಕಾಲೇಜಿನವರು ಕೂಡಿ ಕಟ್ಟಿದ ವೀಕ್ಷಣಾಲಯ ಅದು. ಒಳಗೆ ಎಲ್ಲರಿಗೂ ಸೇರಿದ, ದೊಡ್ಡ ಕನ್ನಡಿಯ ಒಂದೇ ದೂರದರ್ಶಕ. ಊರವರು ಅದನ್ನು ಚುಕ್ಕಿಮನೆ ಎಂದೇ ಕರೆಯುತ್ತಿದ್ದರು.

ಎರಡು ದಿನ ಬಿಟ್ಟು ಶೋಭಾರಾಣಿಯೇ ಇಳಿದು ಬಂದಳು. ಸಣಕಲು ಹೆಣ್ಣು. ಚೂಡಿದಾರದ ತೋಳಿಗೆ ಎಣ್ಣೆಯ ಕಲೆ, ಹೆಗಲ ಚೀಲದಲ್ಲಿ ಸ್ಕ್ರೂಡ್ರೈವರು. ಬಂದವಳೇ ಕೈ ಮುಗಿದು, "ಅಮ್ಮ, ಸಂಜೆ ಹೊತ್ತು ಒಲೆ ಒಸಿ ಆರುಸ್ಬೌದಾ?" ಎಂದಳು.

"ಬಾ ಇಲ್ಲಿ, ಕೊಪ್ಪರಿಗೆ ನೋಡು," ಎಂದೆ. "ಅರ್ಧ ಪಾಕ ಆಗೈತೆ. ಈಗ ಬೆಂಕಿ ಎಳುದ್ರೆ ಬೆಲ್ಲ ಕಟ್ಟಕಿಲ್ಲ. ಅಂಟಂಟು ಬೆಲ್ಲವ ನಿನ್ನ ಚುಕ್ಕಿ ಬಂದು ತಿಂತವಾ?"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ಮಾಡಿಕೊಂಡು ಹೋಗುತ್ತಿದ್ದರು. ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಹಾಲು ಸುರಿದ ಮೇಲೆ ಎಷ್ಟು ಹೊತ್ತಿಗೆ ಉಕ್ಕು ಬರುತ್ತದೆ, ಯಾವಾಗ ಮಡ್ಡಿ ತೆಗೆಯುತ್ತೀರಿ, ಯಾವಾಗ ಇಳಿಸುತ್ತೀರಿ ಎಂದು ಒಂದೊಂದೇ ಕೇಳಿದಳು. ಬೆಲ್ಲ ಅಚ್ಚಿಗೆ ಹೋಗುವವರೆಗೂ ಏಳಲಿಲ್ಲ. ಕುಸುಮ ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸುತ್ತಿ ಅವಳ ಕೈಗಿಟ್ಟಳು. ಶೋಭಾರಾಣಿ ಅದನ್ನು ನೆಕ್ಕುತ್ತ ಅಂದಳು:

"ಹಂಗಾರೆ ಕಡೆ ಕೊಪ್ಪರಿಗೆಗೆ ಮೂರು ಗಂಟೆ ಒಳಗೆ ಹಾಲು ಸುರುದ್ರೆ, ಕತ್ಲಾಗೋ ಹೊತ್ಗೆ ಒಲೆ ತಣ್ಣಗಾಗಿರ್ತದೆ. ದಿನಾ ಬ್ಯಾಡ ಅಮ್ಮ. ಮೋಡ ಇದ್ರೆ, ಬೆಳುದಿಂಗ್ಳು ತುಂಬಿದ್ರೆ ನಾವು ಗುಮ್ಮಟ ತೆಗ್ಯಲ್ಲ, ನೀವು ಎಷ್ಟೊತ್ತಾದ್ರೂ ಉರುಸ್ಕಳಿ. ತೆಗ್ಯೋ ದಿನ ಬೆಳಿಗ್ಗೇನೆ ನೀರಿನ ಟ್ಯಾಂಕಿಗೆ ಒಂದು ಬಟ್ಟೆ ಕಟ್ತೀನಿ."

"ಬಟ್ಟೆ ನಂಗೆ ಇಲ್ಲಿಗೆ ಕಾಣ್ಬೇಕಲ್ಲವ್ವ."

ಬೋರಯ್ಯ, ನನ್ನ ಯಜಮಾನರು, ತೀರಿಕೊಂಡ ಮೇಲೆ ಉಡದೆ ಪೆಟ್ಟಿಗೆಯಲ್ಲಿಟ್ಟಿದ್ದ ಒಂದು ಹಳದಿ ಸೀರೆಯಿತ್ತು. ಅದರಲ್ಲಿ ಅರ್ಧ ಹರಿದು ಕೊಟ್ಟೆ. ಸಿಪ್ಪೆ ಸಾಲದಾಗ ಒಲೆಗೆ ಹಳೆ ಟೈರು ಹಾಕಿ ಸುಡಬಾರದು ಎಂದೂ ಮಾತು ತೆಗೆದುಕೊಂಡಳು. ಅಂದಿನಿಂದ ನಮ್ಮ ಆಲೆಮನೆಗೆ ಗುಡ್ಡದ ಮೇಲೆ ಒಂದು ಪಂಚಾಂಗವಾಯಿತು. ಹಳದಿ ಕಂಡರೆ ಮರಿಯಯ್ಯ, "ಕಟ್ಟವ್ಳೆ ಕಣ್ರಪ್ಪ, ಬಿರ್ರನೆ ಕಬ್ಬು ಕೊಡಿ" ಎಂದು ಕೂಗುವನು.

ಶೋಭಾರಾಣಿ ನಿಡಘಟ್ಟದವಳು. ಅಪ್ಪ ರೇವಣ್ಣ ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ತಂತಿ ಸುತ್ತುತ್ತಲೇ ಬೆಳೆದವಳು ಇವಳು. ಭಾರತೀನಗರದಲ್ಲಿ ವಿಜ್ಞಾನ ಓದಿ, ಯಂತ್ರಗಳ ಕೆಲಸ ಕಲಿತು ಗುಡ್ಡ ಹತ್ತಿದಳು. ಚುಕ್ಕಿ ನೋಡುವುದು ಬಂದು ಹೋಗುವವರ ಕೆಲಸ. ಇವಳದು ಅವರು ನೋಡುವಂತೆ ಇಡುವ ಕೆಲಸ. ಗುಮ್ಮಟದಲ್ಲಿ ಕಣಜ ಗೂಡು ಕಟ್ಟಿದರೆ ಬಿಡಿಸಬೇಕು. ಇಲಿ ವೈರು ಕಡಿದರೆ ಹುಡುಕಿ ಬೆಸೆಯಬೇಕು. ಕರೆಂಟು ಹೋದರೆ ಬ್ಯಾಟರಿ ಕೈಕೊಡದಂತೆ ನೋಡಿಕೊಳ್ಳಬೇಕು. ಮಳೆಗಾಲದ ಥಂಡಿಗೆ ಕ್ಯಾಮೆರಾದೊಳಗೆ ನೀರಾಡದಂತೆ ಕಾಯಬೇಕು. ಅದಕ್ಕಿಂತ ತಲೆನೋವು ನಾಲ್ಕು ಕಾಲೇಜಿನ ಸರದಿ. ನಮ್ಮ ದಿನ ಮೋಡ ಮುಚ್ಚಿತು, ನಾಳೆಯೂ ನಮಗೇ ಬೇಕು ಎಂದು ಒಬ್ಬರು ಫೋನು ಮಾಡಿದರೆ, "ಮೋಡ ನಾನು ಸಾಕಿರೋ ಎಮ್ಮೆ ಅಲ್ಲ ಸಾರ್, ಹಿಡ್ದು ಕಟ್ಟಾಕಕ್ಕೆ" ಎನ್ನುವಳು. ದೊಡ್ಡ ಕಾಲೇಜು, ಸಣ್ಣ ಕಾಲೇಜು ಎಂಬ ಭೇದ ಮಾಡಿದವಳಲ್ಲ.

ಮದುವೆ ಆಗಲಿಲ್ಲ. "ರಾತ್ರಿಯೆಲ್ಲ ಗುಡ್ಡದ ಮ್ಯಾಲಿರೋಳ್ನ ಯಾರು ಕಟ್ಕತಾರೆ" ಎಂದು ಬಂದ ಗಂಡುಗಳೆಲ್ಲ ಹೋದವು. ನಾನು ಕೇಳಿದರೆ, "ಬುಡಮ್ಮ, ನಂದು ಕನ್ನಡಿ ಜೊತೆ ಆಗೋಗೈತೆ" ಎಂದು ನಗುವಳು.

ಆ ಕನ್ನಡಿಯನ್ನು ನಾನು ನೋಡಿದ್ದೇನೆ. ಮಳೆಗಾಲ ಕಳೆದ ಮೇಲೆ ಅದಕ್ಕೆ ವರ್ಷಕ್ಕೊಂದು ಸ್ನಾನ. ಒಂದು ಸಲ ಹಗಲಲ್ಲಿ ನನ್ನನ್ನೂ ಕುಸುಮಳನ್ನೂ ಕರೆದಳು. ಮದುವೆ ಮನೆಯ ಹರಿವಾಣದಷ್ಟು ದೊಡ್ಡದು, ನಡುವೆ ತುಸು ತಗ್ಗು. ಹಸುಗೂಸಿಗೆ ನೀರು ಹಾಕುವಂತೆ ಮೇಲಿನಿಂದ ಸಣ್ಣಗೆ ನೀರು ಬಿಟ್ಟಳು. ಹತ್ತಿಯನ್ನು ಒತ್ತದೆ, ಅದರ ಭಾರಕ್ಕೇ ಎಳೆದಳು. ಬಳೆ ತಾಗೀತು ಎಂದು ನಮ್ಮಿಬ್ಬರನ್ನೂ ದೂರ ನಿಲ್ಲಿಸಿದ್ದಳು. ಅಷ್ಟು ದೂರದಿಂದ ನೋಡಿದರೆ ನಮ್ಮ ಮುಖ ತಲೆಕೆಳಗು!

"ಅಯ್ಯೋ ಸೋಬಕ್ಕ," ಎಂದಳು ಕುಸುಮ, "ನಮ್ಮ ಮಾವನ್ನ ಕರ್ಕಬಂದು ಇದ್ರ ಮುಂದೆ ನಿಲ್ಸು. ಮೀಸೆ ಮ್ಯಾಲೆ, ಬಾಯಿ ಕೆಳಗೆ ಆದ್ರೂ ಆದೀತು. ಈಗ ಬರೀ ಬಾಯೇ ಮ್ಯಾಲಿರೋದು."

ಶೋಭಾರಾಣಿ ಕೈಯಲ್ಲಿದ್ದ ಹತ್ತಿ ಬದಿಗಿಟ್ಟು ನಕ್ಕಳು. ನಗುವಾಗಲೂ ಕನ್ನಡಿಗೆ ಉಗುಳು ಸಿಡಿಯದಂತೆ ಮುಖ ಆ ಕಡೆ ತಿರುಗಿಸಿದ್ದಳು.

ಅಂದೇ ಅವಳು ತನ್ನ ಭಯ ಹೇಳಿದ್ದು. ಬೆಂಗಳೂರು ಮೈಸೂರು ರಸ್ತೆಯ ದೀಪಗಳು ಉತ್ತರದ ಬಾನನ್ನು ಆಗಲೇ ನುಂಗಿದ್ದವು. ದಕ್ಷಿಣ ಒಂದು ಉಳಿದಿತ್ತು. ಅದೂ ಹೋದರೆ ಕಾಲೇಜಿನವರು ಕನ್ನಡಿ ಬಿಚ್ಚಿಕೊಂಡು ದೂರದ ಯಾವುದೋ ಬೆಟ್ಟಕ್ಕೆ ಸಾಗಿಸುತ್ತಾರೆ.

"ಇಲ್ಲಾದ್ರೆ ಮದ್ದೂರು ಮಳವಳ್ಳಿ ಮಕ್ಳು ಬಸ್ಸಲ್ಲಿ ಬಂದು ನೋಡ್ತವೆ ಅಮ್ಮ. ಅಲ್ಲಿಗೆ ಯಾರು ಓಯ್ತಾರೆ? ಇದು ಈ ಗುಡ್ಡದ ಮ್ಯಾಲೇ ಇರ್ಬೇಕು. ನಂಗೆ ಇನ್ನೇನೂ ಬ್ಯಾಡ."

ಆ ದಕ್ಷಿಣದಲ್ಲೇ ನಮ್ಮ ಆಲೆಮನೆಯಿಂದ ಊರಿಗೆ ಹೋಗುವ ಓಣಿ. ಎರಡೂ ಕಡೆ ಕಬ್ಬು. ಓಣಿಯ ಕಂಬಗಳಲ್ಲಿ ಬೋಳು ದೀಪಗಳು, ಬೆಳಕು ನೆಲಕ್ಕಿಂತ ಹೆಚ್ಚಾಗಿ ಗುಡ್ಡಕ್ಕೇ ಬಡಿಯುತ್ತಿತ್ತು. ಅವುಗಳ ಬದಲು ಮೇಲೆ ಟೋಪಿಯಿರುವ ದೀಪ ಹಾಕಿದರೆ ನಿಮಗೂ ಬೆಳಕು, ನಮಗೂ ಕತ್ತಲೆ ಎಂದು ಪಂಚಾಯಿತಿಗೆ ಹೋಗಿ ಹೇಳಿದಳು. ನನ್ನ ಮೈದುನನ ಮಗ ಶಿವರಾಜು ಆಗ ಸದಸ್ಯ. ಒಪ್ಪಿಸಿದ. ಪಂಚಾಯಿತಿಯ ಜನ ಬಂದು ಹಳೆಯ ದೀಪಗಳನ್ನು ಒಂದೇ ದಿನಕ್ಕೆ ಬಿಚ್ಚಿಕೊಂಡು ಹೋದರು. ಹೊಸವು ಮುಂದಿನ ವಾರ ಬರುತ್ತವೆ ಎಂದರು.

ಬರಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ಅವಳು ಬಸ್ಸು ಹತ್ತಿ ಕಚೇರಿಗೆ ಅಲೆದಳು. ಟೆಂಡರು ಎಂದರು, ಸಾಹೇಬರು ರಜೆ ಎಂದರು. ಅಲ್ಲಿಯವರೆಗೆ ಇರಲಿ ಎಂದು ಆಲೆಮನೆಯ ಹೆಂಗಸರಿಗೆಲ್ಲ ಟಾರ್ಚು ತಂದುಕೊಟ್ಟಳು. ಆದರೆ ಆ ತಿಂಗಳುಗಳಲ್ಲಿ ಗುಡ್ಡದ ಮೇಲೆ ಹಬ್ಬ. ಹಿಂದೆಂದೂ ಸಿಗದ ಚಿತ್ರಗಳು ಸಿಕ್ಕವಂತೆ, ಕಾಲೇಜಿನವರು ಸ್ಥಳಾಂತರದ ಮಾತು ಬಿಟ್ಟರಂತೆ. "ಉಳ್ಕಂತು ಅಮ್ಮ, ಉಳ್ಕಂತು" ಎಂದು ಬೆಟ್ಟ ಇಳಿದು ಬಂದು ನನ್ನ ಕೈ ಹಿಡಿದುಕೊಂಡಳು.

ಕಾರ್ತಿಕದ ಕೊನೆಯ ಸೋಮವಾರ. ಹಳದಿ ಬಟ್ಟೆ ಕಟ್ಟಿತ್ತು. ಮೂರಕ್ಕೆ ಹಾಲು ಸುರಿದು, ಬೆಲ್ಲ ಇಳಿಸಿ, ಒಲೆಯ ಕೆಂಡ ಎಳೆದೆವು. ಕತ್ತಲಾದ ಮೇಲೆ ಕುಸುಮ ತನ್ನ ಹಸುವಿಗೆ ಕಬ್ಬಿನ ಸೋಗೆಯ ಹೊರೆ ಕಟ್ಟಿ ತಲೆಗೇರಿಸಿಕೊಂಡಳು. ಎರಡೂ ಕೈ ಹೊರೆಯ ಮೇಲೆ. ಶೋಭಾರಾಣಿ ಕೊಟ್ಟ ಟಾರ್ಚು ಸೊಂಟದಲ್ಲಿ. ಹೊರೆ ಹೊತ್ತವಳಿಗೆ ಟಾರ್ಚು ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು?

ಓಣಿಯ ತಿರುವಿನಲ್ಲಿ ಕೊಳಕುಮಂಡಲದ ಹಾವು ತುಳಿದಳು. ಕೂಗು ಕೇಳಿ ನಾವು ಓಡುವಷ್ಟರಲ್ಲಿ ಹೊರೆಯ ಪಕ್ಕ ಕೂತು ಕಾಲು ಹಿಡಿದುಕೊಂಡಿದ್ದಳು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಮಳವಳ್ಳಿಗೆ ಒಯ್ದರು. ಔಷಧ ಕೊಟ್ಟರು. ಅಲ್ಲಿಂದ ಮಂಡ್ಯಕ್ಕೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು.

ಮಣ್ಣಿಗೆ ಶೋಭಾರಾಣಿ ಬಂದಳು. ಹೆಂಗಸರ ಗುಂಪಿನಿಂದ ಒಬ್ಬಳು ಅವಳಿಗೆ ಕೇಳುವಂತೆಯೇ ಅಂದಳು: "ಚುಕ್ಕಿ ನೋಡಕ್ಕೆ ಕತ್ಲೆ ಬೇಕು ಅಂದ್ಲಲ್ಲ, ಬಂತು ಬುಡು ಕತ್ಲೆ." ಶೋಭಾರಾಣಿ ತಲೆ ಎತ್ತಲಿಲ್ಲ. ಮರಿಯಯ್ಯ ಹಿಡಿ ಮಣ್ಣು ಹಾಕಿ ಹಿಂದೆ ತಿರುಗಿದಾಗ ಅವಳ ಎದುರಿಗೇ ಬಂದ. ಏನೂ ಅನ್ನದೆ ಹಾದು ಹೋದ. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಆಮೇಲೆ ಮಾರಮ್ಮನ ಗುಡಿ ಮುಂದೆ ಸಭೆ ಸೇರಿತು. ಓಣಿ ಕೂಡುವ ಕಡೆ ಎತ್ತರದ ಕಂಬ ನಿಲ್ಲಿಸಿ, ಸುತ್ತಲೂ ದೊಡ್ಡ ದೊಡ್ಡ ದೀಪ ಹಾಕಿಸುತ್ತೇನೆ ಎಂದ ಶಿವರಾಜು. ಕಾಲೇಜಿನಿಂದ ಬಂದಿದ್ದ ಮೇಷ್ಟರೊಬ್ಬರು ಎದ್ದು, ಟೋಪಿ ದೀಪ ಇನ್ನೊಂದು ತಿಂಗಳಲ್ಲಿ ಬರುತ್ತದೆ, ದಯವಿಟ್ಟು ಕಾಯಿರಿ ಎಂದು ಕೇಳಿಕೊಂಡರು. ಜನ ಗಲಾಟೆ ಮಾಡುವ ಮೊದಲೇ ಶೋಭಾರಾಣಿ ನಿಂತಳು.

"ಕಾಯೋದು ಬ್ಯಾಡ ಸಿವರಾಜಣ್ಣ. ನಾಳೇನೆ ಹಾಕ್ಸಿ."

"ಶೋಭಾ, ಆ ದೀಪ ಬಂದರೆ ನಮಗೆ ಏನೂ ಉಳಿಯುವುದಿಲ್ಲ, ಗೊತ್ತಲ್ಲ?" ಎಂದರು ಮೇಷ್ಟರು.

"ಗೊತ್ತು ಸಾರ್. ಹೊಸದು ಬರೋಕೆ ಮುಂಚೆ ಹಳೇದು ಬಿಚ್ಚಕ್ಕೆ ಒಪ್ಕಂಡೋಳು ನಾನು. ಇನ್ನೊಂದು ದಿನಾನೂ ಈ ಹೆಂಗಸ್ರು ಕತ್ಲಲ್ಲಿ ನಡೀಬಾರ್ದು."

"ಈಗ ಬಂದ್ಲು ದೀಪ ಹಚ್ಚಕ್ಕೆ," ಎಂದಿತು ಹಿಂದಿನಿಂದ ಒಂದು ದನಿ. ಅದಕ್ಕೂ ಅವಳು, "ಹೌದು ಕಣಕ್ಕ, ತಡವಾಯ್ತು" ಎಂದಷ್ಟೇ ಹೇಳಿ ಕೂತಳು.

ಟೋಪಿ ದೀಪಕ್ಕೆ ದಾರಿ ಸಿಗಲಿಲ್ಲ, ಆ ಕಂಬ ಮಾತ್ರ ಬೇಗ ಬಂತು. ಹೊತ್ತಿಕೊಂಡ ದಿನ ಇರುವೆ ಹರಿದರೂ ಕಾಣುವಂತಾಯಿತು ಓಣಿ. ಗುಡ್ಡದ ಗುಮ್ಮಟವೂ ಬೆಳ್ಳಗೆ ಕಂಡಿತು. ನಾನು ಸುಳ್ಳೇಕೆ ಹೇಳಲಿ, ಆ ಬೆಳಕಿನಲ್ಲಿ ನಡೆಯುವಾಗ ನನಗೂ ಧೈರ್ಯವಾಗುತ್ತಿತ್ತು.

ಕಾಲೇಜಿನ ಜೀಪುಗಳು ಬರುವುದು ಕಡಿಮೆಯಾಯಿತು. ಆದರೂ ಅವಳು ಬಟ್ಟೆ ಕಟ್ಟುವುದು ಬಿಡಲಿಲ್ಲ. ಮೊದಲ ಸಲ ಅದು ಮತ್ತೆ ಕಂಡಾಗ ನಾವೆಲ್ಲ ಮರಿಯಯ್ಯನ ಮುಖ ನೋಡಿದೆವು. ಅವನು ಗುಡ್ಡದ ಕಡೆ ನೋಡಿದ. ಆಮೇಲೆ ತಾನಾಗಿಯೇ, "ಕಟ್ಟವ್ಳೆ. ಬಿರ್ರನೆ ಕಬ್ಬು ಕೊಡಿ" ಎಂದ. ದನಿಯಲ್ಲಿ ಮೊದಲಿನ ಕೂಗಿರಲಿಲ್ಲ. ಈ ಮಾತು ಅವಳಿಗೆ ತಲುಪಿಸಿದಾಗ ಸೆರಗಿಲ್ಲದವಳು ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

ಮರುವರ್ಷದ ಸುಗ್ಗಿಯಲ್ಲಿ ಲಾರಿ ಬಂತು. ಕನ್ನಡಿ ಹೊರ ರಾಜ್ಯದ ಯಾವುದೋ ಬೆಟ್ಟಕ್ಕೆ ಹೋಗುತ್ತದೆ ಎಂದರು. ಅವಳೇ ಬಿಚ್ಚಿದಳು, ಅವಳೇ ಮರದ ಪೆಟ್ಟಿಗೆಯೊಳಗೆ ಹತ್ತಿ ಹಾಸಿ ಮಲಗಿಸಿದಳು. ಡ್ರೈವರಿಗೆ, "ಹಂಪು ಬಂದ್ರೆ ಮೆಲ್ಲಗೆ ಕಣಣ್ಣ, ಮಲಗೈತೆ ಅನ್ಕಂಡು ಓಡ್ಸು" ಎಂದಳಂತೆ.

ಅವಳು ನಮ್ಮೂರು ಬಿಟ್ಟು ಹನಕೆರೆಯ ತಂಗಿ ಮನೆ ಸೇರಿದಳು. ಮಂಡ್ಯದ ಕಾಲೇಜೊಂದರಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು, ಹೋಗಲಾಗಲಿಲ್ಲ. ಎದೆಯಲ್ಲಿ ಗಂಟಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಹೋದ ಆಷಾಢದಲ್ಲಿ ತೀರಿಕೊಂಡಳು. ನನಗೆ ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಹಾಗಾಗಿ ಲಾರಿ ಹೋದ ಆ ಸಂಜೆಯೇ ನಾನು ಅವಳನ್ನು ಕಂಡ ಕೊನೆ.

ಅಂದೂ ಬೆಳಿಗ್ಗೆ ಟ್ಯಾಂಕಿನ ಮೇಲೆ ಹಳದಿ ಬಟ್ಟೆ ಹಾರುತ್ತಿತ್ತು. ನಾವು ಎಂದಿನಂತೆ ಮೂರಕ್ಕೆ ಕಡೆಯ ಹಾಲು ಸುರಿದು ಒಲೆ ತಣ್ಣಗೆ ಮಾಡಿದ್ದೆವು. ಹಿಂದಿನ ರಾತ್ರಿ ಮಳೆ ಬಿದ್ದು ಬಾನು ತೊಳೆದಿಟ್ಟ ಹಾಗಿತ್ತು. ಪಡುವಣದಲ್ಲಿ ಬೆಳ್ಳಿಚುಕ್ಕಿ ಕಂಡಿತ್ತು. ಅವಳು ಚೀಲ ಹೊತ್ತು ಇಳಿದು ಬಂದಳು. ಬಟ್ಟೆ ಮಡಿಸಿ ಕೈಯಲ್ಲಿ ಹಿಡಿದಿದ್ದಳು.

"ಕನ್ನಡಿನೇ ಓಗೋ ದಿನ ಬಟ್ಟೆ ಯಾಕವ್ವ ಕಟ್ದೆ?" ಎಂದು ಕೇಳಿದೆ.

"ಎದ್ದು ಆಕಾಸ ನೋಡ್ದೆ ಅಮ್ಮ, ತಿಳಿಯಾಗಿತ್ತು. ಕೈ ತಾನೇ ಕಟ್ಬುಡ್ತು."

ಮೊದಲ ದಿನ ಕೂತಿದ್ದ ಅದೇ ಕಲ್ಲಿನ ಮೇಲೆ ಕೂತಳು. ಮರಿಯಯ್ಯ ಒಂದು ಅಚ್ಚು ಬೆಲ್ಲ ತಂದು ಅವಳ ಪಕ್ಕದಲ್ಲಿಟ್ಟು, "ತಿನ್ನವ್ವ" ಎಂದ. ಕುಸುಮ ಹೋದ ಮೇಲೆ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಅವಳು ಬೆಲ್ಲ ಮುರಿದಳು, ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಮೇಲೆ ನೋಡಿದಳು. ಗುಡ್ಡದ ಮೇಲೆ ಗುಮ್ಮಟ ಮುಚ್ಚಿತ್ತು. ಓಣಿಯ ಕಂಬದ ದೀಪ ಇನ್ನೂ ಹತ್ತಿರಲಿಲ್ಲ. ಅದರ ಮೇಲೆ, ಇದ್ದಷ್ಟೂ ದಿನ ಅವಳು ಕಾಯುತ್ತಿದ್ದಂಥ ಬಾನು, ಒಂದು ಎಳೆ ಹೊಗೆಯಿಲ್ಲದೆ ಸುಮ್ಮನೆ ಬಿದ್ದಿತ್ತು.

ಹಳದಿ ಬಟ್ಟೆಯನ್ನು ನನ್ನ ಮಡಿಲಿಗಿಟ್ಟಳು.

"ನಂಗೆ ಈ ಆಕಾಸ ನೋಡಕ್ಕಾಗ್ತಿಲ್ಲ ಅಮ್ಮ," ಎಂದಳು. "ಒಲೆ ಹಚ್ಬುಡಿ. ಹಸಿ ಸಿಪ್ಪೆ ಹಾಕಿ, ಹೊಗೆ ದಟ್ಟವಾಗಿ ಬರ್ಲಿ."