ಒಂದೇ ಬಂದ ಅಳತೆ

ಮದ್ದೂರಿನ ನನ್ನ ಹಲ್ಲಿನ ಕ್ಲಿನಿಕ್ಕಿನ ಪಕ್ಕದ ಅಂಗಡಿಗೆ ಪಿಒಪಿ ಚಾವಣಿ ಹಾಕಿಸುತ್ತಿದ್ದಾರೆ. ನೀರಿಗೆ ಬಿದ್ದ ಪುಡಿಯ ಹಸಿ ವಾಸನೆ ಬೆಳಿಗ್ಗೆಯೇ ಒಳಗೆ ಬಂತು. ನಿಮಗೆ ಅದು ಹೊಸ ಮನೆಯ ವಾಸನೆ ಅನ್ನಿಸಬಹುದು. ನನಗೆ ಮೈಯೆಲ್ಲ ಉರಿಯುತ್ತದೆ.

ಹೊಸದಾಗಿ ಡಾಕ್ಟರಾದಾಗ ನಾನು ಮಂಡ್ಯದಲ್ಲಿ, ಸೊಟ್ಟ ಹಲ್ಲಿಗೆ ತಂತಿ ಕಟ್ಟುವುದರಲ್ಲಿ ಹೆಸರಾಗಿದ್ದ ಒಬ್ಬ ಹಿರಿಯರ ಬಳಿ ಕೆಲಸಕ್ಕಿದ್ದೆ. ಬಾಯಿಯ ಅಚ್ಚು ತೆಗೆದು, ಇಂಥದೇ ಬಿಳಿ ಪುಡಿ ಕಲಸಿ ಹುಯ್ದು, ಹಲ್ಲಿನ ಮಾದರಿ ಮಾಡುವುದು ನನ್ನ ಪಾಲು. ಬಟ್ಟೆಗೆ, ಕೂದಲಿಗೆಲ್ಲ ಮೆತ್ತಿಕೊಂಡು ಬಸ್ಸಿಗೆ ನಿಂತರೆ ಜನ ನನ್ನನ್ನು ಸುಣ್ಣ ಬಳಿಯುವವಳು ಅಂದುಕೊಳ್ಳುತ್ತಿದ್ದರು. ಹಿರಿಯರು ಆ ಮಾದರಿಯ ಒಂದೊಂದು ಹಲ್ಲನ್ನೂ ಕ್ಯಾಲಿಪರ್ ಹಿಡಿದು ಅಳೆಯುತ್ತಿದ್ದರು. ಅವರ ಅಳಿಯನೂ ಡಾಕ್ಟರೇ. ಅದೇ ಮಾದರಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅಳೆಯುತ್ತಿದ್ದ. ಇಬ್ಬರ ಅಳತೆಗೂ ಕೂದಲೆಳೆಯಷ್ಟು ವ್ಯತ್ಯಾಸ. ಅಷ್ಟಕ್ಕೇ ಮಾವ ಅಳಿಯ ಊಟ ಬಿಟ್ಟು ಜಗಳವಾಡುತ್ತಿದ್ದರು.

ಒಂದು ದಿನ ಮಳವಳ್ಳಿ ಕಡೆಯಿಂದ ಜಯಮ್ಮ ಎಂಬಾಕೆ ಮಗಳು ಸವಿತಳನ್ನು ಕರೆತಂದಳು. ಮುಂದಿನ ಹಲ್ಲುಗಳು ಕೊಂಚ ಒತ್ತೊತ್ತಾಗಿದ್ದವು, ಅಷ್ಟೆ. ನಕ್ಕರೆ ಮುಖ ತುಂಬುತ್ತಿತ್ತು. ಜಾಗ ಮಾಡಲು ಗಟ್ಟಿಮುಟ್ಟಾದ ನಾಲ್ಕು ಹಲ್ಲು ಕೀಳಬೇಕೇ, ಕೀಳದೆಯೇ ಸರಿಪಡಿಸಬಹುದೇ ಎಂಬುದು ಪ್ರಶ್ನೆ. ಅದಕ್ಕೆ ಅಳತೆ ಬೇಕು, ನಿಜ. ತುಟಿ, ಕೆನ್ನೆ, ಮುಖವನ್ನೂ ನೋಡಬೇಕು. ಇವರು ನೋಡಿದ್ದು ಮಾದರಿಯನ್ನು ಮಾತ್ರ. ಹುಡುಗಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಅಳೆದರು, ಜಗಳವಾಡಿದರು, ಮತ್ತೆ ಅಳೆದರು. ಕೊನೆಗೆ ಎಂದೂ ಆಗದ್ದು ಅವತ್ತು ಆಯಿತು, ಎರಡೂ ಅಳತೆ ಒಂದೇ ಬಂತು.

ಆ ಸಂಭ್ರಮ ನೀವು ನೋಡಬೇಕಿತ್ತು. ಮಾವ ಅಳಿಯನ ಬೆನ್ನು ತಟ್ಟಿದರು. ವಡೆ, ಕಾಫಿ ಬಂತು. ಅದೇ ಖುಷಿಯಲ್ಲಿ ನಾಲ್ಕು ಹಲ್ಲು ಕೀಳುವುದೂ ತೀರ್ಮಾನವಾಯಿತು.

"ಸಾರ್, ಹುಡುಗಿ ತುಟಿ ತೆಳುವಾಗಿದೆ. ಕಿತ್ತರೆ ಬಾಯಿ ಒಳಕ್ಕೆ ಹೋಗುತ್ತೆ," ಎಂದೆ.

"ಎರಡು ಅಳತೇನೂ ಒಂದೇ ಬಂದಿದೆಯಲ್ಲಮ್ಮ. ಇನ್ನೇನು ನಿಂದು?" ಎಂದರು ಹಿರಿಯರು.

ಅಳತೆ ಸರಿ ಬಂದರೆ ಹಲ್ಲಿನ ಅಗಲ ಗೊತ್ತಾಗುತ್ತದೆ. ಕೀಳಬೇಕೋ ಬೇಡವೋ ಎಂದು ಕ್ಯಾಲಿಪರೂ ಹೇಳುವುದಿಲ್ಲ, ಕಂಪ್ಯೂಟರೂ ಹೇಳುವುದಿಲ್ಲ. ಹೇಳಬೇಕಾದವರು ವಡೆ ತಿನ್ನುತ್ತಿದ್ದರು.

ನಾಲ್ಕೂ ಹಲ್ಲು ಕಿತ್ತು ತಂತಿ ಕಟ್ಟಿದರು. ಎರಡು ವರ್ಷದ ಮೇಲೆ ತಂತಿ ಬಿಚ್ಚಿದ ದಿನ ಮಾವ ಅಳಿಯ ಇಬ್ಬರೂ ಸರದಿಯ ಮೇಲೆ ಹಲ್ಲಿನ ಫೋಟೊ ತೆಗೆದುಕೊಂಡರು. ಜಯಮ್ಮ ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ನಗವ್ವ," ಅಂದಳು. ಸವಿತ ನಕ್ಕಳು. ಬಾಗಿಲ ಬಳಿ ಜಯಮ್ಮ ನನಗೆ ಮಾತ್ರ ಕೇಳುವಂತೆ ಹೇಳಿದಳು:

"ಅಲ್ಲುಗಳೇನೋ ನೆಟ್ಗವೆ ಡಾಕ್ಟ್ರಮ್ಮ. ನಗು ಮಾತ್ರ ನನ್ ಮಗಳ್ದಲ್ಲ ಬುಡಿ."

ಆಮೇಲೆ ಅಲ್ಲಿ ನಿಲ್ಲಲಾಗದೆ ಕೆಲಸ ಬಿಟ್ಟೆ.

ಈಗ ನನ್ನಲ್ಲೂ ಸ್ಕ್ಯಾನರ್ ಇದೆ, ಕ್ಯಾಲಿಪರೂ ಇದೆ. ಇವತ್ತು ಆತಗೂರಿನ ಹುಡುಗಿಯೊಬ್ಬಳ ಮಾದರಿಯನ್ನು ಅಳೆದು ನನ್ನ ಸಹಾಯಕಿ, "ಮೇಡಂ, ಎರಡೂ ಅಳತೆ ಸರಿಯಾಗಿ ಕೂತ್ಕೊಂಡ್ವು. ಅಲ್ಲು ಕೀಳೋಕೆ ಯಾವತ್ತು ಬರೇಳ್ಲಿ?" ಎಂದಳು.

"ಬ್ಯಾಡ ಕಣಮ್ಮ," ಎಂದೆ. "ಮೊದ್ಲು ಆ ಮಗೂನ ಒಳಗೆ ಕರಿ. ಅದು ನಗೋದನ್ನ ನಾನಿನ್ನೂ ನೋಡಿಲ್ಲ."