ಎಡಗೈಯಲ್ಲಿ ಅಕ್ಷತೆ ಹಾಕಿದವರು

ಕಳೆದ ವರ್ಷ ನನ್ನ ಮಗಳು ಚೈತ್ರಾಳ ಮದುವೆ ಗೊತ್ತಾದಾಗ, ಭದ್ರಾವತಿಯ ನಮ್ಮ ಮನೆಯಲ್ಲಿ ಅತಿ ಹೆಚ್ಚು ಜಗಳ ನಡೆದದ್ದು ಫೋಟೋಗ್ರಾಫರ್ ವಿಷಯಕ್ಕೆ. ಜಗಳ ಮಾಡಿದವಳು ನಾನೇ. ನನ್ನ ಮದುವೆಯಲ್ಲಿ ಇಡೀ ದಿನ ಫ್ಲ್ಯಾಶ್ ಹೊಡೆದ ಮಹಾನುಭಾವ, ಫೋಟೋ ಕೊಡದೆ ಅಂಗಡಿಗೆ ಬೀಗ ಹಾಕಿಕೊಂಡು ಹೋಗಿಬಿಟ್ಟಿದ್ದ. ನನ್ನನ್ನು ಧಾರೆ ಎರೆದುಕೊಟ್ಟ ಅಪ್ಪ ಮರುವರ್ಷವೇ ತೀರಿಕೊಂಡರು. ಅಂದಿನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಮಗಳಿಗೆ ಹಾಗಾಗಬಾರದು ಎಂಬುದೊಂದೇ ನನ್ನ ಹಟ.

ಚೈತ್ರಾ ಇನ್‌ಸ್ಟಾಗ್ರಾಮಿನಲ್ಲಿ ಒಬ್ಬನನ್ನು ಹುಡುಕಿದಳು. ಶಿವಮೊಗ್ಗದ ಕೋಟೆ ಹತ್ತಿರ ಸ್ಟುಡಿಯೋ ಎಂದು ಬರೆದುಕೊಂಡಿದ್ದ. ಆದರೆ ನಾವು ಹೋದ ದಿನ ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಗೆ ಬರಹೇಳಿದ. ಸ್ಟುಡಿಯೋಗೆ ಬಣ್ಣ ಹೊಡೆಸುತ್ತಿದ್ದಾನಂತೆ. ನನಗೆ ಅಲ್ಲೇ ಅನುಮಾನ ಶುರುವಾಯಿತು. ಗರಿಗರಿ ಶರ್ಟು, ಮಾತಿಗೊಂದು ಆಂಟಿ, ಅಂಕಲ್. ನಮ್ಮ ಮನೆಯವರು ಕರಗಿಯೇ ಹೋದರು.

"ಇದು ನಿಮ್ಮ ಭದ್ರಾವತಿಲೇ ಮಾಡಿದ ಮದ್ವೆ ಆಂಟಿ" ಎಂದು ಟ್ಯಾಬ್ ಮುಂದಿಟ್ಟ. ಫೋಟೋಗಳೇನೋ ಚೆನ್ನಾಗಿದ್ದವು. ನಮ್ಮೂರ ಮದುವೆಯೆಂದ ಮೇಲೆ ಒಂದಾದರೂ ಪರಿಚಯದ ಮುಖ ಇರಬೇಕಲ್ಲ ಎಂದು ನಾನು ಜನರನ್ನೇ ನೋಡುತ್ತಾ ಹೋದೆ. ಒಬ್ಬರೂ ಸಿಗಲಿಲ್ಲ. ಅದೂ ಅಲ್ಲದೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಮತ್ತೆ ನೋಡಿದೆ. ವಯಸ್ಸಾದ ಮುತ್ತೈದೆಯರು ಸೇರಿದಂತೆ ಮಂಟಪದಲ್ಲಿದ್ದವರೆಲ್ಲ ಎಡಗೈಯಲ್ಲಿ ಅಕ್ಷತೆ ಹಾಕುತ್ತಿದ್ದರು. ಮದುಮಗಳ ಸೆರಗೂ ಬಲ ಹೆಗಲ ಮೇಲಿತ್ತು.

"ಇದೇನಪ್ಪಾ, ಎಲ್ರೂ ಎಡಗೈಲಿ ಅಕ್ಷತೆ ಹಾಕ್ತಿದಾರೆ?" ಎಂದೆ.

"ಅವ್ರ ಮನೆ ಪದ್ಧತಿ ಇರ್ಬೇಕು ಆಂಟಿ."

ಇನ್ನೊಂದು ಮದುವೆಯ ಫೋಟೋ ತೋರಿಸಲು ಹೇಳಿದೆ. ಅಲ್ಲೂ ಎಡಗೈಯೇ. "ಇವ್ರ ಮನೇಲೂ ಅದೇ ಪದ್ಧತಿನಾ?"

"ಅದು ಕ್ಯಾಮೆರಾ ಸೆಟ್ಟಿಂಗ್ ಆಂಟಿ, ನಿಮ್ಗೆ ಗೊತ್ತಾಗಲ್ಲ" ಎಂದವನು ನಮ್ಮವರ ಕಡೆ ತಿರುಗಿ, "ಅಂಕಲ್, ಆ ಡೇಟಿಗೆ ಬೇರೆ ಪಾರ್ಟಿ ಕೇಳ್ತಿದಾರೆ. ಈಗ್ಲೇ ಅಡ್ವಾನ್ಸ್ ಹಾಕಿದ್ರೆ ನಿಮ್ಗೇ" ಎಂದ. ನಮ್ಮವರು ಫೋನ್ ತೆಗೆದೇಬಿಟ್ಟರು. ನಾನು ಅದರ ಮೇಲೆ ಕೈಯಿಟ್ಟು, "ಸ್ಟುಡಿಯೋ ನೋಡಿ ಕೊಡ್ತೀವಿ. ಕೋಟೆ ಏನು ದೂರನಾ? ನಡೀರಿ" ಎಂದೆ. ಅಷ್ಟರಲ್ಲಿ ಅವನಿಗೆ ಯಾವುದೋ ಫೋನ್ ಬಂತು. ಮಾತಾಡುತ್ತಾ ಹೊರಗೆ ಹೋದವನು ತಿರುಗಿ ಬರಲಿಲ್ಲ.

ಬಸ್ಸಿನಲ್ಲಿ ಚೈತ್ರಾ ಮುಖ ಊದಿಸಿಕೊಂಡು ಕೂತಿದ್ದಳು. "ನೀನು ಪೊಲೀಸ್ ಥರ ಕೇಳಿದ್ರೆ ಯಾರು ಬರ್ತಾರಮ್ಮ?" ಎಂದಳು. ಮನೆಗೆ ಬಂದವಳೇ ನಾನು ಅವನ ಇನ್‌ಸ್ಟಾಗ್ರಾಮಿನಲ್ಲೂ ಇದ್ದ ಅದೇ ಫೋಟೋವನ್ನು ಅವಳ ಮೊಬೈಲಿನಲ್ಲಿ ತೆರೆಸಿ, ಬೀರುವಿನ ಕನ್ನಡಿಗೆ ಹಿಡಿದೆ. ಕನ್ನಡಿಯಲ್ಲಿ ಎಲ್ಲರ ಕೈ ಬಲಗೈಯಾಯಿತು, ಸೆರಗು ಎಡಕ್ಕೆ ಬಂತು. ಯಾರೋ ತೆಗೆದ ಫೋಟೋ ಕದ್ದು, ಗುರುತು ಸಿಗದಿರಲೆಂದು ಎಡಬಲ ತಿರುಗಿಸಿದ್ದ. ಚೈತ್ರಾ ಫೋನ್ ಮಾಡಿದರೆ ಅವನು ನಂಬರ್ ಬ್ಲಾಕ್ ಮಾಡಿದ್ದ.

ಕೊನೆಗೆ ನಮ್ಮೂರ ಹಳೇನಗರದಲ್ಲೇ ಬಹಳ ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡವರೊಬ್ಬರನ್ನು ಗೊತ್ತು ಮಾಡಿದೆವು. ಅವರ ಸ್ಟುಡಿಯೋದಲ್ಲಿ ಕೂತು ಆಲ್ಬಮ್‌ಗಳನ್ನೆಲ್ಲ ತಿರುವಿದೆ. ಅವರು ಫೋಟೋ ತೆಗೆದ ಮದುಮಕ್ಕಳ ಮನೆಗಳಿಗೂ ಫೋನ್ ಮಾಡಿ ವಿಚಾರಿಸಿದೆ. "ಗಂಡು ಹುಡುಕುವಾಗ್ಲೂ ಇಷ್ಟು ವಿಚಾರಿಸ್ಲಿಲ್ಲ ಮಾರಾಯ್ತಿ" ಎಂದು ನಮ್ಮವರು ರೇಗಿಸಿದರು.

ಅಷ್ಟಾದರೂ ಮದುವೆಯ ದಿನ ನನಗೆ ನಂಬಿಕೆ ಬರಲಿಲ್ಲ. ಕ್ಯಾಮೆರಾ ಆನ್ ಇದೆಯೋ ಇಲ್ಲವೋ, ಸರಿಯಾದ ಹೊತ್ತಿಗೆ ಕಾಫಿಗೆ ಎದ್ದು ಹೋದರೆ ಏನು ಗತಿ ಎಂದು ಅವರ ಮೇಲೇ ಕಣ್ಣಿಟ್ಟಿದ್ದೆ.

ಹೇಳಿದ ಸಮಯಕ್ಕೇ ಆಲ್ಬಮ್ ಬಂತು. ಬಹಳ ಚೆನ್ನಾಗಿತ್ತು. ತಾಳಿ ಕಟ್ಟುವ ಫೋಟೋದಲ್ಲಿ ಎಲ್ಲರ ಕಣ್ಣೂ ಮಗಳ ಮೇಲಿತ್ತು. ನಾನೊಬ್ಬಳು ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ಅವರೆಲ್ಲ ಎದ್ದು ಹೋದ ಮೇಲೆ ಅದೇ ಫೋಟೋವನ್ನು ಮತ್ತೆ ನೋಡಿದೆ. ತಲೆ ತಗ್ಗಿಸಿದ್ದ ಚೈತ್ರಾಳ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲೇ ನಿಂತಿದ್ದ ನನಗೆ ಅವಳು ಅತ್ತದ್ದು ಗೊತ್ತಾದದ್ದು ಆ ಫೋಟೋ ನೋಡಿದ ಮೇಲೆಯೇ.