ಕುಂಕುಮ ಹತ್ತಿದ ಸ್ವಿಚ್ಚು

ಸಿಂಚನಾ, ಲೋಹಿತ್ — ಪಂಪ್ ಹೌಸಿನ ಆ ಸ್ವಿಚ್ಚನ್ನು ಆಫ್ ಮಾಡಿದ್ದು ನಿಮ್ಮ ತಾತ ಅಲ್ಲ. ನಿಮ್ಮಜ್ಜಿ, ನಾನು.

ಈ ಒಂದು ಸಾಲು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಕೂರುವುದು, ಏಳುವುದು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ನೋಡಿ ಬರುವುದು, ಮತ್ತೆ ಕೂರುವುದು. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ — ಅಲ್ಲ, ಅದೂ ನೆಪವೇ. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಬಿಡಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಲೋಹಿತ್ ಮನೆಯ ಮೋಟರು ಹಾಕಲು ಮರೆತ. ಸಂಪಿನ ನೀರು ಮೇಲಿನ ಟ್ಯಾಂಕಿಗೆ ಏರಲಿಲ್ಲ. ನಿಮ್ಮಮ್ಮ ನಗುತ್ತಲೇ ಅಂದಳು, "ತಾತನ ಬುದ್ಧಿ ಹಂಗೇ ಇಳ್ದು ಬಂದಿದೆ ನೋಡು. ಆಫಣ್ಣನ ಮೊಮ್ಮಗ." ಲೋಹಿತ್ ಗೋಡೆಯ ಮೇಲಿನ ತಾತನ ಫೋಟೋ ಕಡೆ ಕೈ ಮುಗಿದು, "ಎಂಥ ಆಶೀರ್ವಾದ ಮಾಡ್ಬಿಟ್ಟೆ ಗುರು" ಅಂದ. ಎಲ್ಲರೂ ನಕ್ಕಿರಿ. ನಾನೂ ನಕ್ಕೆ.

ನಿಮಗೆ ಗೊತ್ತಿರುವ ಕಥೆ ಇಷ್ಟೇ. ಬಾಶೆಟ್ಟಿಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ತಾತ ಬೆಂಕಿ ಆರಿಸುವ ಪಂಪುಗಳನ್ನು ನೋಡಿಕೊಳ್ಳುತ್ತಿದ್ದರು; ಹೊಸ ಪಂಪುಗಳ ಪರೀಕ್ಷೆಯ ದಿನ ಸ್ವಿಚ್ಚು ಆಫ್ ಇಟ್ಟು ಮರೆತರು; ಪರೀಕ್ಷೆ ಕೆಟ್ಟಿತು; ಅವರನ್ನು ಗೇಟಿನ ಕಾವಲಿಗೆ ಹಾಕಿದರು. ಮದುವೆ ಮನೆಗಳಲ್ಲೂ ಇದನ್ನು ಹೇಳಿ ನಗುತ್ತಾರೆ. ಆ ಕಥೆಯಲ್ಲಿ ನಾನು ಎಲ್ಲೂ ಬರುವುದಿಲ್ಲ. ಆದರೆ ನಾನು ಅಲ್ಲೇ ಇದ್ದೆ.

ಅದೇ ಕಾರ್ಖಾನೆಯಲ್ಲಿ ನನಗೆ ಗುಡಿಸಿ ಒರೆಸುವ ಕೆಲಸ. ಪಂಪ್ ಹೌಸೂ ನನ್ನ ಪಾಲಿಗೆ ಬಂದಿತ್ತು. ಎಂಟು ವರ್ಷದ ಹಿಂದೆ ಹೊಸ ಶೆಡ್ ಕಟ್ಟಿದಾಗ ಹೊಸ ಪಂಪುಗಳು ಬಂದವು. ಪೈಪಿನಲ್ಲಿ ನೀರಿನ ಒತ್ತಡ ಕಾಯಲು ಒಂದು ಚಿಕ್ಕದು, ಕರೆಂಟಿನ ದೊಡ್ಡದೊಂದು, ಕರೆಂಟು ಹೋದರೂ ನಡೆಯಲಿ ಅಂತ ಡೀಸೆಲ್ ಇಂಜಿನ್ನಿನದೊಂದು. ಹಸುವಿನ ಮೈ ತೊಳೆದ ಹಾಗೆ ತಾತ ಆ ಇಂಜಿನ್ನನ್ನು ಒರೆಸುತ್ತಿದ್ದರು. ಮನೆಗೆ ಬಂದರೆ ಅದರದೇ ಮಾತು. "ಬೆಂಕಿ ಬಿದ್ರೆ ಮನುಷ್ಯ ಹೆದ್ರಿ ಓಡೋಗ್ತಾನೆ ಕಣೇ. ಇದು ಹಂಗಲ್ಲ. ಪೈಪಲ್ಲಿ ಒತ್ತಡ ಇಳೀತು ಅಂದ್ರೆ ತಾನೇ ಎದ್ದೇಳುತ್ತೆ. ಯಾರೂ ಎಬ್ಬಿಸ್ಬೇಕಾಗಿಲ್ಲ."

ತಾನೇ ಏಳುತ್ತದೆ — ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪರೀಕ್ಷೆಯ ಹಿಂದಿನ ಸಂಜೆ ಮ್ಯಾನೇಜರು ಪೂಜೆ ಇಟ್ಟುಕೊಂಡರು. ಮಂಗಳಾರತಿಯಾದ ಮೇಲೆ ಪೂಜಾರಿ, ಮುತ್ತೈದೆ ಕೈಯಲ್ಲಿ ಕುಂಕುಮ ಇಡಿಸಿ ಅಂದರು. "ಪಂಪಣ್ಣನ ಮನೆಯವ್ರೇ ಇದಾರಲ್ಲ" ಎಂದು ಯಾರೋ ನನ್ನನ್ನು ಮುಂದಕ್ಕೆ ದೂಡಿದರು. ಆಗ ತಾತನಿಗಿದ್ದ ಹೆಸರು ಪಂಪಣ್ಣ. ಅಷ್ಟೊಂದು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಮದುವೆಯ ಧಾರೆ ಬಿಟ್ಟರೆ ಅವತ್ತೇ. ಮೂರು ಪಂಪಿಗೂ ಕುಂಕುಮ ಇಟ್ಟೆ. ಹಿಗ್ಗು — ಸುಳ್ಳೇಕೆ, ತುಂಬಾ ಹಿಗ್ಗಾಯಿತು.

ಎಲ್ಲರೂ ಪ್ರಸಾದಕ್ಕೆ ಹೊರಗೆ ಹೋದರು. ಒಳಗೆ ನಾನೊಬ್ಬಳೇ. ನನ್ನ ತವರು ಮಗ್ಗದ ಮನೆ. ಹೊಸ ಮಗ್ಗ ಬಂದು ಪೂಜೆಯಾದರೆ ನಮ್ಮಪ್ಪ ಸ್ವಿಚ್ಚು ಕೆಳಕ್ಕೆಳೆದು ಹೇಳುತ್ತಿದ್ದರು, "ಕುಂಕುಮ ಇಟ್ಟ ಮಗ್ಗ ಒಂದು ರಾತ್ರಿ ಮಲಗ್ಬೇಕು. ಇಲ್ದಿದ್ರೆ ವರ್ಷವೆಲ್ಲ ಸಿಡುಕ್ತದೆ." ಇಲ್ಲಿ ಇಂಜಿನ್ನನ್ನು ಯಾರೂ ಮಲಗಿಸಿರಲಿಲ್ಲ. ಪಕ್ಕದ ಪೆಟ್ಟಿಗೆಯ ಮೇಲಿನ ಸ್ವಿಚ್ಚನ್ನು ಯಾವ ಕಡೆ ತಿರುಗಿಸಿದರೆ ಅದು ಸುಮ್ಮನಾಗುತ್ತದೆ ಎಂದು ತಾತ ಮಾಡುವಾಗ ನೋಡಿದ್ದೆ. ಅಲ್ಲಿದ್ದ ಇಂಗ್ಲಿಷ್ ಅಕ್ಷರ ನನಗೆ ಓದಲು ಬರದು. ಕುಂಕುಮದ ಬೆರಳಲ್ಲೇ ತಿರುಗಿಸಿದೆ.

ಒಂದು ಕೆಂಪು ದೀಪ ಹತ್ತಿತು. ಅದು ಎಚ್ಚರಿಕೆಯ ದೀಪ — ಆಮೇಲೆ ತಿಳಿಯಿತು. ಆಗ ನನಗೆ ದೇವರ ಮುಂದೆ ಹಚ್ಚಿಟ್ಟ ದೀಪದಂತೆ ಕಂಡಿತು. ಕೈ ಮುಗಿದೆ. ಜಾರಿದ್ದ ಚೆಂಡುಹೂವಿನ ಹಾರವನ್ನು ಪೆಟ್ಟಿಗೆಯ ಮೇಲೆ ಸರಿಯಾಗಿ ಇಳಿಬಿಟ್ಟೆ. ದೀಪವೂ ಸ್ವಿಚ್ಚೂ ಹೂವಿನ ಹಿಂದೆ ಹೋದವು. ಬೆಳಿಗ್ಗೆ ಹೇಗೂ ತಾನೇ ಏಳುತ್ತದಲ್ಲ, ಅಂದುಕೊಂಡೆ.

ಇಲ್ಲಿಯವರೆಗಿನದು ದಡ್ಡತನ. ಇಷ್ಟೇ ಆಗಿದ್ದರೆ ನಿಮ್ಮ ಜೊತೆ ಕೂತು ನಾನೇ ಹೇಳಿಕೊಂಡು ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ತಾತ ಡೀಸೆಲ್ ನೋಡಿದರು, ಆಯಿಲ್ ನೋಡಿದರು, ಬ್ಯಾಟರಿ ನೋಡಿದರು. ಪೆಟ್ಟಿಗೆಯ ಹತ್ತಿರ ಬಂದು ಹಾರಕ್ಕೆ ಕೈ ಹಾಕಿ, "ತೆಗ್ದು ಒಂದ್ಸಲ ನೋಡ್ಬಿಡ್ಲಾ?" ಅಂದರು.

"ಇರ್ಲಿ ಬಿಡ್ರೀ. ಬರೋರು ನೋಡ್ಲಿ, ಚೆನ್ನಾಗಿ ಕಾಣ್ತದೆ" ಅಂದೆ.

ಅವರು ಕೈ ಹಿಂದಕ್ಕೆ ತೆಗೆದರು. ನಾನು ಹಾಕಿದ ಹಾರ, ನಾಲ್ಕು ಜನ ನೋಡಲಿ — ಅಷ್ಟೇ ನನ್ನ ಆಸೆ. ಆ ಕೈ ಹಿಂದಕ್ಕೆ ಬಂದದ್ದನ್ನು ಎಷ್ಟು ಸಲ ನೆನೆದಿದ್ದೇನೋ.

ಪರೀಕ್ಷೆ ಮಾಡುವ ಸಾಹೇಬರು ಹತ್ತು ಗಂಟೆಗೆ ಬಂದರು. ಯಾರೂ ಯಾವುದನ್ನೂ ಕೈಯಿಂದ ಮುಟ್ಟಕೂಡದು, ಎಲ್ಲ ತಾನಾಗಿಯೇ ನಡೆಯಬೇಕು ಎಂದು ಮೊದಲೇ ಹೇಳಿದರು. ಅಂಗಳದಲ್ಲಿ ಪೈಪು ಬಿಚ್ಚಿದರು. ಕರೆಂಟಿನ ಪಂಪು ತಾನೇ ಎದ್ದು, ನೀರು ಶೆಡ್ಡಿನ ನೆತ್ತಿಯ ಮೇಲಕ್ಕೆ ಚಿಮ್ಮಿತು. ಹುಡುಗಿಯರು ಕಿಟಕಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕರೆಂಟು ತೆಗೆದರು. ಈಗ ಡೀಸೆಲ್ ಇಂಜಿನ್ ಏಳಬೇಕು.

ಏಳಲಿಲ್ಲ. ನೀರು ಮೊದಲು ಶೆಡ್ಡಿನ ಮಟ್ಟಕ್ಕೆ ಇಳಿಯಿತು, ಆಮೇಲೆ ಗೋಡೆಯ ಮಟ್ಟಕ್ಕೆ, ಆಮೇಲೆ ಪೈಪಿನ ಬಾಯಿಂದ ನೆಲಕ್ಕೆ ತೊಟ್ಟಿಕ್ಕಿತು.

ತಾತ ಎಲ್ಲರಿಗಿಂತ ಮೊದಲು ಒಳಗೆ ಓಡಿ ಬಂದರು. ನಾನು ಬಾಗಿಲ ಹಿಂದೆ ಪೊರಕೆ ಹಿಡಿದು ನಿಂತಿದ್ದೆ. ಅವರು ಹಾರ ಎತ್ತಿದರು. ಕೆಂಪು ದೀಪ. ಆಫ್ ಕಡೆಗಿದ್ದ ಸ್ವಿಚ್ಚು. ಅದರ ಮೇಲೆ ಕುಂಕುಮದ ಬೆರಳಚ್ಚು. ಒಂದು ಸಲ ನನ್ನ ಕಡೆ ನೋಡಿದರು. ಹೆಗಲ ಮೇಲಿನ ಬಿಳಿ ಟವೆಲು ತೆಗೆದು ಆ ಕುಂಕುಮವನ್ನು ಒರೆಸಿದರು. ತಿರುಗಿಸಿಬಿಟ್ಟಿದ್ದರೆ ಆ ಕ್ಷಣವೇ ಇಂಜಿನ್ ಎದ್ದುಬಿಡುತ್ತಿತ್ತು. ತಿರುಗಿಸಲಿಲ್ಲ. ಒರೆಸಿ ಪಕ್ಕಕ್ಕೆ ಸರಿದು ನಿಂತರು. ತನ್ನ ಮೇಲೆ ಬೇಕಾದರೆ ಸುಳ್ಳು ಹೇಳಿಕೊಳ್ಳುವ ಮನುಷ್ಯ. ಬೆಂಕಿಯಿಂದ ಕಾಯುವ ಯಂತ್ರದ ವಿಷಯದಲ್ಲಿ ಹೇಳುವವರಲ್ಲ.

ಸಾಹೇಬರು ಬಂದು ಪೆನ್ನಿನ ತುದಿಯಿಂದ ಹಾರ ಸರಿಸಿದರು. "ಯಾರ್ರೀ ಇದನ್ನ ಆಫ್ ಮಾಡಿದ್ದು?"

ಐದು ಹೆಜ್ಜೆ ದೂರದಲ್ಲಿ ನಾನಿದ್ದೆ. ನಾಲಿಗೆ ಇತ್ತು. ಮಾತು ಗೊತ್ತಿತ್ತು — ನಾನು ಸಾರ್. ಎರಡೇ ಮಾತು.

"ನಾನೇ ಸಾರ್" ಅಂದರು ತಾತ. "ಪೂಜೆಗೆ ಅಂತ ಆಫ್ ಮಾಡಿ ಮರ್ತ್‌ಬಿಟ್ಟೆ."

ಮ್ಯಾನೇಜರು, "ಬೆಂಕಿ ಬಿದ್ದಾಗ್ಲೂ ಹಿಂಗೇ ಮರೀತೀಯೇನಪ್ಪಾ?" ಅಂದರು. ತಾತ ತಲೆ ತಗ್ಗಿಸಿದರು. ನಾನು ಆಗಲೇ ಗುಡಿಸಿದ್ದ ನೆಲವನ್ನೇ ಮತ್ತೆ ಗುಡಿಸಿದೆ.

ಸಂಜೆಯೊಳಗೆ ಪಂಪಣ್ಣ ಆಫಣ್ಣ ಆದರು. ಮರುವಾರ ಗೇಟಿಗೆ ಹಾಕಿದರು. ಬಸ್ಸಿಳಿದು ಬರುವ ಹುಡುಗಿಯರು, "ಆಫಣ್ಣಾ, ಗೇಟು ಆಫಾ ಆನಾ?" ಎಂದು ಕೇಳಿ ಒಳಗೆ ಹೋಗುತ್ತಿದ್ದರು. ತಾತನೂ ನಗುತ್ತಿದ್ದರು. ನಿಮ್ಮ ತಾತ ಯಾರ ಮಾತಿಗೂ ಕೋಪಿಸಿಕೊಂಡವರಲ್ಲ, ಅದು ನಿಮಗೂ ಗೊತ್ತು.

ಹದಿನೈದು ದಿನದ ಮೇಲೆ ಮತ್ತೆ ಪರೀಕ್ಷೆ ನಡೆಯಿತು, ಬೇರೆಯವರ ಕೈಯಲ್ಲಿ. ನಾನು ಅಂಗಳ ಗುಡಿಸುತ್ತಿದ್ದೆ. ಕರೆಂಟು ತೆಗೆದರು, ಇಂಜಿನ್ ತಾನೇ ಎದ್ದಿತು. ಗೇಟಿನಲ್ಲಿ ತಾತ ರಿಜಿಸ್ಟರು ಬರೆಯುವುದು ನಿಲ್ಲಿಸಿ, ಪಂಪ್ ಹೌಸಿನ ಕಡೆ ಕಿವಿ ಕೊಟ್ಟು ನಿಂತಿದ್ದರು. ಅದು ನಿಲ್ಲುವವರೆಗೂ ಕೂರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಚೆನ್ನಾಗಿ ಓಡ್ತು ಅಲ್ವಾ? ಅದು ಓಡೋ ಇಂಜಿನ್ನೇ ಕಣೇ" ಅಂದರು.

ಅವತ್ತು ಹೇಳಬಹುದಿತ್ತು. ಅವರು ಬಾಗಿಲು ತೆರೆದಿಟ್ಟ ಹಾಗೆಯೇ ಇತ್ತು ಆ ಮಾತು. ನಾನು ಕಾಫಿ ಇಡಲು ಹೋದೆ.

ಮುತ್ತೈದೆಯ ಕೈಯಿಂದಲೇ ಕೆಟ್ಟಿತು ಎಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆ ನನಗಿತ್ತು. ಕೆಲಸ ಹೋಗುತ್ತದೆಂಬ ಹೆದರಿಕೆಯೂ ಇತ್ತು. ಆದರೆ ಮನೆಯೊಳಗೆ, ಅವರೊಬ್ಬರ ಮುಂದೆ, ಯಾವ ಹೆದರಿಕೆ? ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಆಮೇಲೆ ನೀವೆಲ್ಲ ನಗಲು ಶುರು ಮಾಡಿದಿರಿ — ನಗುವ ಮಾತಿನ ನಡುವೆ ಹೇಗೆ ಹೇಳುವುದು? ಆಮೇಲೆ ಅವರು ಕಾಯಿಲೆ ಬಿದ್ದರು. ಕೊನೆಯ ವಾರ ಕೈ ಹಿಡಿದು ಕೂತಾಗ, "ರೀ, ಆ ಸ್ವಿಚ್ಚು —" ಅಂದೆ. ಅಷ್ಟೇ ಅಂದೆ. ಅವರು ಕಣ್ಣು ಮುಚ್ಚಿಕೊಂಡೇ, "ಬಿಡೇ ಅತ್ಲಾಗೆ" ಅಂದರು. ನಾನು ಬಿಟ್ಟೆ. ಬಿಡಬಾರದಿತ್ತು. ಅವರು ಬಿಟ್ಟದ್ದು ನನಗಾಗಿ; ನಾನು ಬಿಟ್ಟದ್ದೂ ನನಗಾಗಿಯೇ.

ಆ ಟವೆಲನ್ನು ಒಗೆದವಳೂ ನಾನೇ. ಎರಡು ಸಲ ಸೋಪು ಹಾಕಿದರೂ ಒಂದು ಮೂಲೆಯಲ್ಲಿ ಬೆರಳಗಲದ ಕೆಂಪು ಉಳಿಯಿತು. ತಾತ ಮತ್ತೆ ಅದನ್ನು ಹೆಗಲಿಗೆ ಹಾಕಲಿಲ್ಲ. ಬೇರೆ ಟವೆಲು ಕೇಳಿದರು. ತೆಗೆದುಕೊಟ್ಟೆ.

ಗಂಡನ ಹೆಸರನ್ನು ನಾನು ಈ ವಯಸ್ಸಿನವರೆಗೆ ಬಾಯಲ್ಲಿ ಹೇಳಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಈಗ ಬರೆಯುತ್ತೇನೆ. ತಪ್ಪು ಹನುಮಂತರಾಯಪ್ಪನವರದಲ್ಲ. ಹನುಮಂತರಾಯಪ್ಪನವರು ತಮ್ಮ ಕೆಲಸದಲ್ಲಿ ಒಂದು ದಿನವೂ ಏನನ್ನೂ ಮರೆತವರಲ್ಲ. ಈ ಸಲ ಪಿತೃಪಕ್ಷದಲ್ಲಿ ಎಡೆ ಇಟ್ಟಾಗ, ಎಲ್ಲರೂ ಕೂತ ಮೇಲೆ, ಊಟಕ್ಕೆ ಮುಂಚೆ ಈ ಹಾಳೆಗಳನ್ನು ನಾನೇ ಓದುತ್ತೇನೆ. ದನಿ ನಡುಗಿದರೆ ನಡುಗಲಿ. ನಿಂತುಹೋದರೆ ಸಿಂಚನಾ, ನೀನು ಓದಿಕೊಡಬೇಡ. ಕಾಯಿರಿ. ನಾನೇ ಮುಗಿಸಬೇಕು.

ಆಮೇಲೆ ಇವು ನಿಮ್ಮವು. ನನ್ನ ಪೆಟ್ಟಿಗೆಯ ತಳದಲ್ಲಿ ಆ ಟವೆಲಿದೆ. ಈ ಹಾಳೆಗಳನ್ನು ಅದರಲ್ಲೇ ಸುತ್ತಿ ಜೋಪಾನವಾಗಿ ಇಡಿ. ಟವೆಲನ್ನು ಮಾತ್ರ ಒಗೆಯಬೇಡಿ.